ಕಾಡು, ಮಣ್ಣು, ನೀರು ಮತ್ತು ಎಂಟು ಸೆಮಿಸ್ಟರ್

ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆ ಓದಲು ಹೊರಟವರಿಗೆ ಮೊದಲೇ ಗೊತ್ತಿರಬೇಕಾದ ಸಂಗತಿ ಒಂದಿದೆ. ಫಾರೆಸ್ಟ್ರಿ ಕಾಲೇಜಿನ ಹಾಗೆ ಇಲ್ಲಿ ನಾಲ್ಕು ವರ್ಷದ ದಾರಿಯನ್ನು ಯಾರೂ ಹಾಸಿಕೊಡುವುದಿಲ್ಲ. ಪದವಿಗೆ ಸಾಮಾನ್ಯವಾಗಿ 32 ಕೋರ್ಸುಗಳ ಆಸುಪಾಸು ಬೇಕು. ಅದರಲ್ಲಿ ಮೇಜರ್‌ಗೆ, ಅಂದರೆ ನೀವು ಆರಿಸಿಕೊಂಡ ಮುಖ್ಯ ವಿಷಯಕ್ಕೆ, ಸೇರುವುದು ಹತ್ತರಿಂದ ಹದಿಮೂರು. ಉಳಿದದ್ದು ಇತಿಹಾಸ, ಭಾಷೆ, ತತ್ತ್ವಶಾಸ್ತ್ರ, ಕಲೆ. ಈ ಹರವೇ ಅಂಥ ಕಾಲೇಜಿನ ಸತ್ವ, ಅದನ್ನು ಬಿಟ್ಟುಕೊಡಬಾರದು. ಆದರೆ ಅಳತೆ ಕಲಿಸುವ ಕೋರ್ಸುಗಳನ್ನು ಹುಡುಕಿ ಸೇರಿಸಿಕೊಳ್ಳದೆ ಹೋದರೆ, ಕಾಡಿನ ಬಗ್ಗೆ ಸೊಗಸಾಗಿ ಬರೆಯಬಲ್ಲ, ಒಂದು ಎಕರೆಯಲ್ಲಿ ಎಷ್ಟು ಮರವಿದೆ ಎಂದರೆ ಮಾತ್ರ ತಡವರಿಸುವ ಪದವೀಧರರಾಗಿ ಹೊರಬರುತ್ತೀರಿ.

ಹರವೂ ಅಳತೆಯೂ ಒಂದಕ್ಕೊಂದು ಹೇಗೆ ಬೇಕಾಗುತ್ತವೆ ಎನ್ನುವುದಕ್ಕೆ ಮಣ್ಣಿನ ಸವಕಳಿಯ ಲೆಕ್ಕಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅಮೆರಿಕದ ವಿಜ್ಞಾನಿಗಳಾದ ವಿಷ್‌ಮಯರ್ ಮತ್ತು ಸ್ಮಿತ್ ರೂಪಿಸಿದ ಸಮೀಕರಣವನ್ನು ಎರಡನೇ ವರ್ಷದ ಮಣ್ಣಿನ ತರಗತಿಯಲ್ಲಿ ಹೇಳಿಕೊಡುತ್ತಾರೆ: ಎ = ಆರ್ × ಕೆ × ಎಲ್‌ಎಸ್ × ಸಿ × ಪಿ. ಎ ಎಂದರೆ ವರ್ಷಕ್ಕೆ ಎಕರೆಯಿಂದ ಸವೆಯುವ ಮಣ್ಣು, ಆರ್ ಎಂದರೆ ಮಳೆಯ ಹೊಡೆತ, ಕೆ ಎಂದರೆ ಮಣ್ಣು ಎಷ್ಟು ಸುಲಭವಾಗಿ ಕೊಚ್ಚಿಹೋಗುತ್ತದೆ ಎಂಬುದು, ಎಲ್‌ಎಸ್ ಇಳಿಜಾರಿನ ಉದ್ದ ಮತ್ತು ಕಡಿದಾದಿಕೆ, ಸಿ ಬೆಳೆಯ ಹೊದಿಕೆ, ಪಿ ಬದು, ಸಮಪಾತಳಿ ಉಳುಮೆಯಂಥ ಕ್ರಮಗಳು. ಆರ್ 150, ಕೆ 0.32, ಎಲ್‌ಎಸ್ 0.9 ಇರುವ ಹೊಲ ಎಂದುಕೊಳ್ಳಿ. ಮೂರನ್ನೂ ಗುಣಿಸಿದರೆ 43.2. ಉತ್ತು ಬಿತ್ತುವ ಪದ್ಧತಿಯಲ್ಲಿ ಸಿ 0.18, ವಿಶೇಷ ಕ್ರಮ ಏನೂ ಇಲ್ಲದೆ ಪಿ 1 ಆದರೆ, ವರ್ಷಕ್ಕೆ ಎಕರೆಗೆ ಸುಮಾರು 7.8 ಟನ್ ಮಣ್ಣು ಜಾಗ ಬಿಡುತ್ತದೆ. ಆ ಮಣ್ಣು ತಾಳಿಕೊಳ್ಳಬಲ್ಲ ಮಿತಿ, ಅಂದರೆ ಅದರ ಟಿ ಮೌಲ್ಯ, 5 ಟನ್ ಇದ್ದರೆ ಹೊಲ ಸೋಲುತ್ತಿದೆ ಎಂದರ್ಥ. ಉಳುಮೆ ನಿಲ್ಲಿಸಿ, ಕೂಳೆಯನ್ನು ನೆಲದ ಮೇಲೇ ಬಿಟ್ಟು ಸಿ 0.05ಕ್ಕೆ ಇಳಿಸಿದರೆ ಸವಕಳಿ 2.2 ಟನ್ನಿನ ಹತ್ತಿರ ಬರುತ್ತದೆ.

ಇಲ್ಲಿಯವರೆಗೆ ವಿಜ್ಞಾನ. ಈಗ ಅದೇ 43.2ನ್ನು ಟಿ 5ರಿಂದ ಭಾಗಿಸಿ: 8.64. ಈ ಸೂಚ್ಯಂಕ 8 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಮೆರಿಕದ ಕಾನೂನಿನ ಪ್ರಕಾರ ಆ ನೆಲ ‘ಹೆಚ್ಚು ಸವೆಯುವ ಭೂಮಿ’. 1985ರ ಆಹಾರ ಭದ್ರತಾ ಕಾಯ್ದೆ ಬಂದಮೇಲೆ, ಅಂಥ ಹೊಲದಲ್ಲಿ ಬೆಳೆ ತೆಗೆಯುವ ರೈತ ಒಪ್ಪಿತ ಸಂರಕ್ಷಣಾ ಯೋಜನೆಯನ್ನು ಪಾಲಿಸದಿದ್ದರೆ ಕೃಷಿ ಇಲಾಖೆಯ ಹಲವು ಸಹಾಯಧನಗಳು ಕೈತಪ್ಪಬಹುದು. ಮಣ್ಣಿನ ತರಗತಿಯ ಗುಣಾಕಾರ ಒಂದೇ ಸಾಲಿನಲ್ಲಿ ಒಂದು ಕುಟುಂಬದ ಆದಾಯದ ಪ್ರಶ್ನೆಯಾಗುವುದು ಹೀಗೆ. ಮುಂದೆ ಅರ್ಥಶಾಸ್ತ್ರ ಬರುತ್ತದೆ. ವರ್ಷದಿಂದ ವರ್ಷಕ್ಕೆ ಗೇಣಿ ಹಿಡಿದವನು ಹೊದಿಕೆ ಬೆಳೆಯ ಬೀಜಕ್ಕೆ ದುಡ್ಡು ಹಾಕಲು ಹಿಂಜರಿಯುತ್ತಾನೆ, ಏಕೆಂದರೆ ಸುಧಾರಿಸಿದ ಮಣ್ಣಿನ ಫಲ ಸಿಗುವ ಹೊತ್ತಿಗೆ ಹೊಲ ಬೇರೆಯವರ ಕೈಯಲ್ಲಿರಬಹುದು. ಸಿ ಮೌಲ್ಯವನ್ನು ನಿರ್ಧರಿಸುವುದು ಮಣ್ಣಲ್ಲ, ಮನುಷ್ಯರ ನಡುವಿನ ಕರಾರು. ಸಮೀಕರಣವನ್ನು ಮಾತ್ರ ಕಲಿತವರಿಗೂ ಕರಾರನ್ನು ಮಾತ್ರ ಕಲಿತವರಿಗೂ ಈ ಹೊಲ ಅರ್ಧವೇ ಕಾಣುತ್ತದೆ.

ಸಮೀಕರಣದ ಮಿತಿಯೂ ತಿಳಿದಿರಲಿ. ಅದು ಹಾಳೆಯಂತೆ ಹಾಗೂ ಸಣ್ಣ ಕಿರುಗಾಲುವೆಗಳಲ್ಲಿ ಆಗುವ ಸವಕಳಿಯ ದೀರ್ಘಕಾಲದ ಸರಾಸರಿ. ಕೊರಕಲು ಅದರ ಲೆಕ್ಕಕ್ಕೆ ಸೇರುವುದಿಲ್ಲ, ಒಂದು ದಿನದ ಬಿರುಮಳೆಯೂ ಸೇರುವುದಿಲ್ಲ. ಹೊಳೆಗೆ ಎಷ್ಟು ಹೂಳು ಸೇರಿತು ಎನ್ನುವುದನ್ನಂತೂ ಅದು ಹೇಳುವುದೇ ಇಲ್ಲ; ಸವೆದ ಮಣ್ಣಿನಲ್ಲಿ ಬಹುಪಾಲು ಇಳಿಜಾರಿನ ಬುಡದಲ್ಲೋ ಬೇಲಿಯ ಸಾಲಿನಲ್ಲೋ ತಂಗುತ್ತದೆ. ವಿದ್ಯಾರ್ಥಿಗಳ ವರದಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪೇ ಇದು: ಹೊಲದ ಟನ್ನುಗಳನ್ನು ನೇರವಾಗಿ ಹೊಳೆಯ ಟನ್ನು ಎಂದು ಬರೆದುಬಿಡುವುದು. ಇನ್ನೊಂದು, ಅಮೆರಿಕದ ಮಾನದ ಕೆ ಜೊತೆಗೆ ಮೆಟ್ರಿಕ್ ಆರ್ ಸೇರಿಸಿ ಗುಣಿಸುವುದು. ಅಮೆರಿಕದ ಕೆಯನ್ನು ಮೆಟ್ರಿಕ್‌ಗೆ ತರಲು 0.1317ರಿಂದ ಗುಣಿಸಬೇಕು.

ಎಂಟು ಮನೆಯ ಪಟ್ಟಿ

ಚಿಕ್ಕ ಕಾಲೇಜಿನಲ್ಲಿ ಅಧ್ಯಾಪಕರು ಕಡಿಮೆ. ಮಣ್ಣು, ಜಲವಿಜ್ಞಾನ, ಸಸ್ಯ ವರ್ಗೀಕರಣದಂಥ ಕೋರ್ಸುಗಳು ಎಷ್ಟೋ ಕಡೆ ಎರಡು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತವೆ. ಆದ್ದರಿಂದ ಮೊದಲ ಸೆಮಿಸ್ಟರಿನಲ್ಲೇ ಒಂದು ಹಾಳೆಯಲ್ಲಿ ಎಂಟು ಮನೆ ಗೀರಿ, ವರ್ಷ ಬಿಟ್ಟು ವರ್ಷ ಬರುವ ಕೋರ್ಸುಗಳನ್ನು ಮೊದಲು ತುಂಬಿ, ಪ್ರತಿವರ್ಷ ಸಿಗುವುದನ್ನು ಆಮೇಲೆ ತುಂಬಿ. ಮೂರನೇ ವರ್ಷ ವಿದೇಶದಲ್ಲಿ ಒಂದು ಸೆಮಿಸ್ಟರ್ ಓದುವ ಆಸೆ ಬಹಳ ಜನಕ್ಕೆ ಇರುತ್ತದೆ. ಅದು ಮಣ್ಣಿನ ಕೋರ್ಸು ನಡೆಯುವ ಸೆಮಿಸ್ಟರಿನ ಮೇಲೇ ಬಿದ್ದರೆ ಮತ್ತೆ ಆ ಅವಕಾಶ ಸಿಗುವುದಿಲ್ಲ.

ಮೊದಲ ವರ್ಷ ರಸಾಯನಶಾಸ್ತ್ರ, ಜೀವಶಾಸ್ತ್ರ, ಸಂಖ್ಯಾಶಾಸ್ತ್ರ. ಕಲನಶಾಸ್ತ್ರ ಒಂದು ಸೆಮಿಸ್ಟರ್ ಸಾಕು; ಎರಡನೆಯದಕ್ಕೆ ಕೊಡುವ ಸಮಯವನ್ನು ಎರಡನೇ ಸಂಖ್ಯಾಶಾಸ್ತ್ರ ಕೋರ್ಸಿಗೆ ಕೊಟ್ಟರೆ ಹೆಚ್ಚು ಪ್ರಯೋಜನ. ಸಂಖ್ಯಾಶಾಸ್ತ್ರವನ್ನು ಕೊನೆಯ ವರ್ಷಕ್ಕೆ ಉಳಿಸಿಕೊಳ್ಳುವುದು ದೊಡ್ಡ ತಪ್ಪು, ಏಕೆಂದರೆ ಪ್ಲಾಟು, ಅಂದರೆ ಅಳತೆಗೆಂದು ಗುರುತು ಮಾಡಿದ ಮಾದರಿ ತುಂಡುನೆಲ, ಹಾಕುವುದಕ್ಕೆ ಮೊದಲೇ ಎಷ್ಟು ಪ್ಲಾಟು ಬೇಕು ಎಂಬ ಪ್ರಶ್ನೆ ಬರುತ್ತದೆ. ಎರಡನೇ ವರ್ಷ ಪರಿಸರ ವಿಜ್ಞಾನ, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ವಿಶ್ಲೇಷಿಸುವುದು), ಸೂಕ್ಷ್ಮ ಅರ್ಥಶಾಸ್ತ್ರ. ಮೂರನೆಯದರಲ್ಲಿ ಜಲವಿಜ್ಞಾನ ಮತ್ತು ಪರಿಸರ ಕಾನೂನು ಅಥವಾ ನೀತಿ.

ಕಡ್ಡಾಯದ ಮಾನವಿಕ ಕೋರ್ಸುಗಳನ್ನೂ ವಿಷಯಕ್ಕೆ ಹೊಂದಿಸಿಕೊಳ್ಳಬಹುದು. ಅಮೆರಿಕದ ಇತಿಹಾಸದ ಕೋರ್ಸು ತೆಗೆದುಕೊಂಡರೆ 1785ರ ಭೂಮಿ ಸುಗ್ರೀವಾಜ್ಞೆಯಿಂದ ಶುರುವಾದ ಸರ್ಕಾರಿ ಸರ್ವೇ ಟಿಪ್ಪಣಿಗಳನ್ನು ಓದುವುದನ್ನೇ ಪ್ರಬಂಧದ ವಿಷಯ ಮಾಡಿಕೊಳ್ಳಿ. ಮೈಲಿಗೊಂದು ಮೂಲೆಗಲ್ಲು, ನಡುವೆ ಅರ್ಧ ಮೈಲಿಗೆ ಇನ್ನೊಂದು. ಅವುಗಳ ಸುತ್ತಲಿನ ಸಾಕ್ಷಿಮರಗಳ ಜಾತಿ, ದಪ್ಪ, ದಿಕ್ಕು, ದೂರವನ್ನು ಸರ್ವೇಯರುಗಳು ಕೈಬರಹದಲ್ಲಿ ದಾಖಲಿಸಿದ್ದಾರೆ. ವಲಸಿಗರ ಕೊಡಲಿ ಬೀಳುವ ಮುಂಚಿನ ಕಾಡಿನ ಚಿತ್ರ ಅದರಲ್ಲಿದೆ. ದೂರ ಇರುವುದು ಲಿಂಕಿನಲ್ಲಿ: 66 ಅಡಿಯ ಸರಪಳಿಗೆ 100 ಲಿಂಕು, ಅಂದರೆ ಒಂದು ಲಿಂಕಿಗೆ 7.92 ಇಂಚು. ಅದನ್ನು ಅಡಿ ಎಂದು ಓದಿಕೊಂಡರೆ ಕಾಡು ಇದ್ದದ್ದಕ್ಕಿಂತ ಎಷ್ಟೋ ವಿರಳವಾಗಿ ಕಾಣುತ್ತದೆ. ಜೊತೆಗೆ ಸರ್ವೇಯರ್ ಗುರುತು ಕೆತ್ತಲು ಅನುಕೂಲವಾದ, ಬಹುಕಾಲ ಬಾಳುವ ಮರವನ್ನೇ ಆರಿಸಿರುವ ಸಾಧ್ಯತೆಯೂ ಇದೆ. ಬರೆದವನು ಯಾರು, ಯಾವ ಉದ್ದೇಶಕ್ಕೆ ಬರೆದ ಎಂದು ಕೇಳಲು ಕಲಿಸುವುದು ಇತಿಹಾಸದ ತರಗತಿ. ಆ ವಾಲಿಕೆಯನ್ನು ಲೆಕ್ಕಕ್ಕೆ ತರಲು ಕಲಿಸುವುದು ಸಂಖ್ಯಾಶಾಸ್ತ್ರ.

ಟ್ರಾನ್ಸ್‌ಕ್ರಿಪ್ಟ್ ಎಣಿಸುವವರು

ಅಮೆರಿಕದ ಫೆಡರಲ್ ಸರ್ಕಾರದ ಸಂರಕ್ಷಣಾ ಹುದ್ದೆಗಳಲ್ಲಿ ಮೇಜರ್‌ನ ಹೆಸರಿಗಿಂತ ಟ್ರಾನ್ಸ್‌ಕ್ರಿಪ್ಟ್ ಎಂಬ ಅಂಕಪಟ್ಟಿಯಲ್ಲಿ ಯಾವ ವಿಷಯಕ್ಕೆ ಎಷ್ಟು ಸೆಮಿಸ್ಟರ್ ಅವರ್, ಅಂದರೆ ತರಗತಿಯ ಗಂಟೆ ಲೆಕ್ಕದ ಕ್ರೆಡಿಟ್, ಇದೆ ಎಂಬುದು ಮುಖ್ಯ. 0457 ಸರಣಿಯ ಮಣ್ಣು ಸಂರಕ್ಷಣಾಧಿಕಾರಿ ಹುದ್ದೆಗೆ ಸಂಪನ್ಮೂಲ ಅಥವಾ ಕೃಷಿ ವಿಷಯದಲ್ಲಿ 30 ಅವರ್ ಬೇಕು. ಅದರೊಳಗೆ ಮಣ್ಣು ಮತ್ತು ಬೆಳೆ ಅಥವಾ ಸಸ್ಯವಿಜ್ಞಾನ ಸೇರಿ 12, ಎರಡರಲ್ಲೂ ಕನಿಷ್ಠ 3. ಲಿಬರಲ್ ಆರ್ಟ್ಸ್ ಕಾಲೇಜಿನಿಂದ ಇದು ಸಾಧ್ಯ. 0486 ವನ್ಯಜೀವಿ ಜೀವಶಾಸ್ತ್ರಕ್ಕೆ ವನ್ಯಜೀವಿ ವಿಷಯದಲ್ಲಿ 9, ಪ್ರಾಣಿಶಾಸ್ತ್ರದಲ್ಲಿ 12, ಸಸ್ಯಶಾಸ್ತ್ರದಲ್ಲಿ 9. ಇಲ್ಲಿ ಜನ ಸಿಕ್ಕಿಬೀಳುವುದು ಪ್ರಾಣಿಗಳಲ್ಲಲ್ಲ, ಸಸ್ಯಶಾಸ್ತ್ರದ ಆ 9ರಲ್ಲಿ. ಜೀವಶಾಸ್ತ್ರ ವಿಭಾಗ ಕೋಶ ಮತ್ತು ಅಣುಗಳ ಕಡೆ ವಾಲಿರುವ ಕಾಲೇಜಿನಲ್ಲಿ ಮೂರು ಸಸ್ಯ ಕೋರ್ಸು ಒಟ್ಟಾಗುವುದೇ ಕಷ್ಟ. 0460 ಫಾರೆಸ್ಟರ್ ಹುದ್ದೆಗೆ ಫಾರೆಸ್ಟ್ರಿಯಲ್ಲೇ 24, 0470 ಮಣ್ಣು ವಿಜ್ಞಾನಿಗೆ ಮಣ್ಣಿನಲ್ಲೇ 15 ಅವರ್. ಇವೆರಡಕ್ಕೆ ಬಹುಪಾಲು ಮಂದಿ ಮುಂದೆ ಸ್ನಾತಕೋತ್ತರ ಪದವಿಯನ್ನೋ ಬೇರೆ ವಿಶ್ವವಿದ್ಯಾಲಯದ ಕೋರ್ಸುಗಳನ್ನೋ ನೆಚ್ಚಬೇಕಾಗುತ್ತದೆ.

ಕೆಲವು ಕಾಲೇಜುಗಳು ಸೆಮಿಸ್ಟರ್ ಅವರ್ ಬದಲು ‘ಯೂನಿಟ್’ ಎಣಿಸುತ್ತವೆ. ಒಂದು ಯೂನಿಟ್‌ಗೆ ಎಷ್ಟು ಅವರ್ ಎಂಬುದು ರಿಜಿಸ್ಟ್ರಾರ್ ಕಚೇರಿಯ ದಾಖಲೆಯಲ್ಲಿರುತ್ತದೆ, ಆ ಪುಟವನ್ನು ಇಟ್ಟುಕೊಳ್ಳಿ. ಕ್ವಾರ್ಟರ್ ಪದ್ಧತಿಯಾದರೆ ಮೂರು ಕ್ವಾರ್ಟರ್ ಅವರ್ ಎರಡು ಸೆಮಿಸ್ಟರ್ ಅವರ್‌ಗೆ ಸಮ. ಪ್ರತಿ ಕೋರ್ಸಿನ ಸಿಲಬಸ್ ಉಳಿಸಿಕೊಳ್ಳುವುದು ಇನ್ನೂ ಮುಖ್ಯ. ‘ಭೂದೃಶ್ಯ ಮತ್ತು ಸಮಾಜ’ ಎಂಬ ಹೆಸರಿನ ಕೋರ್ಸಿನಲ್ಲಿ ಒಂಬತ್ತು ವಾರ ಮಣ್ಣನ್ನೇ ಓದಿದ್ದರೂ ಹೆಸರು ನೋಡುವವರಿಗೆ ಅದು ತಿಳಿಯುವುದಿಲ್ಲ.

ಹೊರದೇಶದಿಂದ ಹೋಗುವವರು ಎರಡು ವಿಷಯ ಗಮನಿಸಬೇಕು. ಫೆಡರಲ್ ಹುದ್ದೆಗಳು ಬಹುತೇಕ ಅಮೆರಿಕದ ನಾಗರಿಕರಿಗೆ. ನ್ಯಾಷನಲ್ ಸೈನ್ಸ್ ಫೌಂಡೇಶನ್ ಹಣ ಕೊಡುವ ಬೇಸಿಗೆಯ ಸಂಶೋಧನಾ ಕಾರ್ಯಕ್ರಮಗಳೂ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ. ಪದವಿಯ ನಂತರದ 12 ತಿಂಗಳ ಕೆಲಸದ ಅನುಮತಿಗೆ 24 ತಿಂಗಳ ವಿಸ್ತರಣೆ ಸಿಗುತ್ತದೆಯೇ ಎಂಬುದು ಕಾಲೇಜು ನಿಮ್ಮ ಮೇಜರ್‌ಗೆ ಕೊಟ್ಟಿರುವ ಸಿಐಪಿ ಸಂಕೇತದ (ಓದಿನ ವಿಷಯಗಳನ್ನು ವರ್ಗೀಕರಿಸುವ ಅಮೆರಿಕದ ಸರ್ಕಾರಿ ಸಂಖ್ಯೆ) ಮೇಲೆ ನಿಂತಿದೆ. ಒಂದೇ ಬಗೆಯ ಪಠ್ಯಕ್ಕೆ ಬೇರೆ ಬೇರೆ ಕಾಲೇಜುಗಳಲ್ಲಿ ಬೇರೆ ಬೇರೆ ಸಂಕೇತ ಇರಬಹುದು. ಮೇಜರ್ ಘೋಷಿಸುವ ಮೊದಲೇ ಅದನ್ನು ಕೇಳಿಕೊಳ್ಳಿ.

ಕಾಲೇಜಿನ ನೆಲ

ಕಾಲೇಜು ಆರಿಸುವಾಗ ಎಲ್ಲಕ್ಕಿಂತ ಹೆಚ್ಚು ತೂಕ ಕೊಡಬೇಕಾದದ್ದು ಅದರ ಕೈಯಲ್ಲಿರುವ ನೆಲಕ್ಕೆ. ಟೆನೆಸ್ಸಿಯ ಸಿವಾನೀಗೆ ಸುಮಾರು 13,000 ಎಕರೆ, ಜಾರ್ಜಿಯಾದ ಬೆರ್ರಿ ಕಾಲೇಜಿಗೆ ಸುಮಾರು 27,000 ಎಕರೆ ಇದೆ. ಕೆಂಟಕಿಯ ಬೆರಿಯಾ ಕಾಲೇಜಿಗೆ ತನ್ನದೇ ದೊಡ್ಡ ಕಾಡಿದೆ. ನಾರ್ತ್ ಕೆರೊಲಿನಾದ ವಾರನ್ ವಿಲ್ಸನ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಹೊಲ ಮತ್ತು ಕಾಡಿನಲ್ಲಿ ಕೆಲಸ ಮಾಡುವುದು ಓದಿನದೇ ಭಾಗ. ಮೇನ್ ರಾಜ್ಯದ ಕಾಲೇಜ್ ಆಫ್ ದಿ ಅಟ್ಲಾಂಟಿಕ್ ಕೊಡುವ ಮೇಜರ್ ಒಂದೇ, ಮಾನವ ಪರಿಸರ ವಿಜ್ಞಾನ. ಆದರೆ ಎಕರೆ ಎಷ್ಟು ಎಂಬುದು ಅರ್ಧ ಪ್ರಶ್ನೆ. ಕಾಯಂ ಪ್ಲಾಟುಗಳು ಎಷ್ಟಿವೆ, ಕೊನೆಯ ಬಾರಿ ಅಳೆದದ್ದು ಯಾವಾಗ, ಹಳೆಯ ಅಂಕಿಅಂಶ ಯಾರ ಬಳಿ ಇದೆ ಎಂದು ಕೇಳಿದಾಗ ಸರಿಯಾದ ಉತ್ತರ ಬಂದರೆ, ನೂರು ಎಕರೆಯೂ ಸಾಕಾಗುತ್ತದೆ.

ಆ ನೆಲದಲ್ಲಿ ಮೊದಲು ಕಲಿಯಬೇಕಾದದ್ದು ಮರ ಅಳೆಯುವುದು. ಮರದ ದಪ್ಪವನ್ನು ಎದೆಮಟ್ಟದಲ್ಲಿ ಅಳೆಯುತ್ತಾರೆ; ಅಮೆರಿಕದಲ್ಲಿ ಎದೆಮಟ್ಟ ಎಂದರೆ ಇಳಿಜಾರಿನ ಮೇಲ್ಬದಿಯಲ್ಲಿ ನೆಲದಿಂದ 4.5 ಅಡಿ. ಟೇಪು ಕಾಂಡಕ್ಕೆ ಲಂಬವಾಗಿರಬೇಕು. ಮರ ವಾಲಿದ್ದರೆ ಟೇಪೂ ಅದರೊಂದಿಗೆ ವಾಲಬೇಕು. ಕವಲು 4.5 ಅಡಿಗಿಂತ ಕೆಳಗಿದ್ದರೆ ಎರಡು ಮರ, ಮೇಲಿದ್ದರೆ ಒಂದು. ವ್ಯಾಸದ ಟೇಪಿನಲ್ಲಿ ಪೈಯಿಂದ ಭಾಗಿಸಿದ ಅಳತೆ ಮೊದಲೇ ಅಚ್ಚಾಗಿರುತ್ತದೆ, ಆದರೆ ಅದರ ಹಿಂಬದಿಯಲ್ಲಿ ಮಾಮೂಲಿ ಇಂಚುಗಳಿರುತ್ತವೆ. ತಪ್ಪು ಬದಿ ಓದಿದರೆ 12 ಇಂಚಿನ ಮರ 38 ಇಂಚಾಗುತ್ತದೆ.

ಹತ್ತನೇ ಒಂದು ಎಕರೆಯ ವೃತ್ತಕ್ಕೆ ತ್ರಿಜ್ಯ 37.2 ಅಡಿ, ಅದೂ ಸಮತಲದ ದೂರ. ಶೇ. 30ರ ಇಳಿಜಾರಿನಲ್ಲಿ ಏರುವ, ಇಳಿಯುವ ದಿಕ್ಕಿಗೆ ಟೇಪನ್ನು ನೆಲದ ಮೇಲೆ ಹಾಸಿದರೆ 38.8 ಅಡಿ ಬೇಕು, ಶೇ. 60ರಲ್ಲಿ 43.4. ಇದನ್ನು ಮರೆತರೆ ಆ ಕಡಿದಾದ ಪ್ಲಾಟು ಸುಮಾರು ಶೇ. 14ರಷ್ಟು ಚಿಕ್ಕದಾಗುತ್ತದೆ, ಎಕರೆವಾರು ಲೆಕ್ಕದಲ್ಲಿ ಅಷ್ಟು ಮರ ಮಾಯವಾಗುತ್ತದೆ. ಪ್ರಿಸಮ್, ಅಂದರೆ ಯಾವ ಮರ ಎಣಿಕೆಗೆ ಸೇರುತ್ತದೆ ಎಂದು ಅದರ ಮೂಲಕ ನೋಡಿ ತಿಳಿಯುವ ಗಾಜಿನ ತುಂಡು, ಬಳಸುವವರು ಪ್ಲಾಟಿನ ಕೇಂದ್ರದ ಮೇಲೆ ಇಡಬೇಕಾದದ್ದು ಕಣ್ಣನ್ನಲ್ಲ, ಪ್ರಿಸಮ್ಮನ್ನು. 10ರ ಪ್ರಿಸಮ್‌ನಲ್ಲಿ ಎಣಿಕೆಗೆ ಸಿಕ್ಕ ಪ್ರತಿ ಮರವೂ ಎಕರೆಗೆ 10 ಚದರ ಅಡಿ ಬುಡದ ವಿಸ್ತೀರ್ಣವನ್ನು, ಅಂದರೆ ಎದೆಮಟ್ಟದಲ್ಲಿ ಕಾಂಡಗಳ ಅಡ್ಡಕೊಯ್ತದ ವಿಸ್ತೀರ್ಣವನ್ನು, ಸೂಚಿಸುತ್ತದೆ. ಒಳಗೋ ಹೊರಗೋ ಎಂದು ಅನುಮಾನ ಬಂದ ಮರಕ್ಕೆ ವ್ಯಾಸದ ಇಂಚನ್ನು 2.75ರಿಂದ ಗುಣಿಸಿ: 12 ಇಂಚಿನ ಮರ 33 ಅಡಿಯೊಳಗಿದ್ದರೆ ಸೇರಿತು. ಅನುಮಾನದ ಮರಗಳನ್ನೆಲ್ಲ ಉದಾರವಾಗಿ ಸೇರಿಸಿಕೊಳ್ಳುತ್ತ ಹೋದ ತಂಡದ ಕಾಡು ಕಾಗದದ ಮೇಲೆ ಮಾತ್ರ ದಟ್ಟವಾಗುತ್ತದೆ.

ಮಣ್ಣಿನ ಪ್ರಯೋಗಾಲಯದಲ್ಲಿ, ನೀರಿನಲ್ಲಿ ಎಷ್ಟು ಮಣ್ಣು ಇನ್ನೂ ತೇಲುತ್ತಿದೆ ಎಂದು ತೋರಿಸುವ ಹೈಡ್ರೋಮೀಟರಿನ ಲೆಕ್ಕ ಎಲ್ಲರೂ ಮಾಡುತ್ತಾರೆ. ಒಣಗಿಸಿದ 40 ಗ್ರಾಂ ಮಣ್ಣನ್ನು ಶೇ. 5ರ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣ 100 ಮಿ.ಲೀ.ನಲ್ಲಿ ನೆನೆಹಾಕಿ, ಕಲಕಿ, ಒಂದು ಲೀಟರಿಗೆ ತುಂಬಿಸಿ, 40 ಸೆಕೆಂಡಾದಾಗ ಒಮ್ಮೆ, ಎರಡು ಗಂಟೆಯಾದಾಗ ಇನ್ನೊಮ್ಮೆ ಓದುವುದು. ಮಣ್ಣಿಲ್ಲದ ದ್ರಾವಣ 5 ತೋರಿಸುತ್ತಿದ್ದು, ಮೊದಲ ಓದು 22, ಎರಡನೆಯದು 11 ಎಂದಿಟ್ಟುಕೊಳ್ಳಿ. 5 ಕಳೆದು 40ರಿಂದ ಭಾಗಿಸಿದರೆ ಮೊದಲ ಓದಿನಿಂದ ರೇವೆ ಮತ್ತು ಜೇಡಿ ಸೇರಿ ಶೇ. 42.5, ಆದ್ದರಿಂದ ಉಳಿದ ಮರಳು ಶೇ. 57.5; ಎರಡನೇ ಓದಿನಿಂದ ಜೇಡಿ ಶೇ. 15: ಮರಳುಗೋಡು. ಆ 5ನ್ನು ಕಳೆಯಲು ಮರೆತರೆ ಜೇಡಿ ಶೇ. 27.5ಕ್ಕೆ ಏರಿ ಮಣ್ಣಿನ ವರ್ಗವೇ ಬದಲಾಗುತ್ತದೆ. ಎರಡು ಗಂಟೆಯ ಹೊತ್ತಿಗೂ ನವಿರಾದ ರೇವೆ ಸ್ವಲ್ಪ ತೇಲುತ್ತಿರುವುದರಿಂದ ಜೇಡಿ ತುಸು ಹೆಚ್ಚೇ ಕಾಣುತ್ತದೆ. ಹಾಗಾಗಿ ಆರರಿಂದ ಎಂಟು ಗಂಟೆ ಕಾಯುವುದು ಮೇಲು.

ಹೊಳೆಯ ವಿಷಯ ಚಿಕ್ಕದು. ಆಳ 2.5 ಅಡಿಗಿಂತ ಕಡಿಮೆಯಿದ್ದರೆ ಮೇಲಿನಿಂದ ಆಳದ 0.6 ಭಾಗದಲ್ಲಿ ವೇಗ ಅಳೆಯಿರಿ, ಹೆಚ್ಚಿದ್ದರೆ 0.2 ಮತ್ತು 0.8ರಲ್ಲಿ ಅಳೆದು ಸರಾಸರಿ ತೆಗೆಯಿರಿ. ಅಡ್ಡಕೊಯ್ತವನ್ನು ಇಪ್ಪತ್ತಕ್ಕೂ ಹೆಚ್ಚು ಭಾಗ ಮಾಡಿದರೆ ಒಂದು ಭಾಗದ ತಪ್ಪು ಒಟ್ಟು ಹರಿವನ್ನು ಕೆಡಿಸುವುದಿಲ್ಲ. ಮೀಟರ್ ಇಲ್ಲದೆ ತೇಲುವ ವಸ್ತುವಿನಿಂದ ಅಳೆದಾಗ ಆ ವೇಗವನ್ನು 0.85ರ ಆಸುಪಾಸಿನ ಗುಣಕದಿಂದ ತಗ್ಗಿಸಬೇಕು.

ನಕ್ಷೆಯಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳದೆ ಉಳಿಯುತ್ತದೆ. ಆನ್‌ಲೈನ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪಣದಲ್ಲೇ ವಿಸ್ತೀರ್ಣ ಲೆಕ್ಕ ಹಾಕಿದರೆ 45 ಡಿಗ್ರಿ ಅಕ್ಷಾಂಶದಲ್ಲಿ 100 ಎಕರೆ ಕಾಡು 200 ಎಕರೆಯಾಗಿ ಬರುತ್ತದೆ. ಆಲ್ಬರ್ಸ್ ಸಮವಿಸ್ತೀರ್ಣ ಪ್ರಕ್ಷೇಪಣಕ್ಕೋ, ಮೀಟರಿನಲ್ಲಿ ಅಳೆಯುವ ಯುಟಿಎಮ್ ಜಾಲಕ್ಕೋ ಬದಲಾಯಿಸಿಕೊಂಡೇ ಅಳೆಯಬೇಕು. ಹಳೆಯ ಕಾಗದದ ನಕ್ಷೆಯ 1927ರ ಡೇಟಮ್ಮನ್ನು, ಅಂದರೆ ಸ್ಥಾನಗಳನ್ನು ಅಳೆಯುವ ಆಧಾರ ಚೌಕಟ್ಟನ್ನು, 1983ರದ್ದೆಂದು ಭಾವಿಸಿದರೆ ಯುಟಿಎಮ್‌ನಲ್ಲಿ ಬಿಂದು ಸುಮಾರು 200 ಮೀಟರ್ ಉತ್ತರ-ದಕ್ಷಿಣವಾಗಿ ಸರಿಯುತ್ತದೆ. ಮಣ್ಣಿನ ಸರ್ವೇ ನಕ್ಷೆಯನ್ನು ಪರದೆಯ ಮೇಲೆ ಎಷ್ಟು ಹಿಗ್ಗಿಸಿದರೂ ಅದರಲ್ಲಿರುವುದು 1:24,000ರಂಥ ಪ್ರಮಾಣದಲ್ಲಿ ಎಳೆದ ಗೆರೆಯೇ. ಅರ್ಧ ಎಕರೆಯ ತೋಟದ ಬಗ್ಗೆ ಅದನ್ನು ಸಾಕ್ಷಿ ಕರೆಯಬಾರದು.

ಕೊನೆಯ ವರ್ಷದ ಪ್ರಬಂಧ

ಕ್ಯಾಪ್‌ಸ್ಟೋನ್ ಎಂದು ಕರೆಯುವ ಈ ಪ್ರಬಂಧ ಕೆಡುವುದು ಬಹುಮಟ್ಟಿಗೆ ಕ್ಯಾಲೆಂಡರಿನಿಂದ. ಆಗಸ್ಟ್ ಕೊನೆಗೆ ಸೆಮಿಸ್ಟರ್ ಶುರು, ಉತ್ತರದ ರಾಜ್ಯಗಳಲ್ಲಿ ಅಕ್ಟೋಬರಿಗೆ ಎಲೆ ಉದುರುತ್ತದೆ, ನೆಲದ ವಸಂತದ ಹೂಗಳು ಅರಳುವುದು ಪರೀಕ್ಷೆಯ ಹೊತ್ತಿಗೆ. ಗಿಡ ಗುರುತಿಸುವ ಕೆಲಸವಿದ್ದರೆ ಕೊನೆಯ ವರ್ಷದ ಹಿಂದಿನ ಬೇಸಿಗೆಯಲ್ಲೇ ಮುಗಿಸಬೇಕು. ರೈತರನ್ನು ಸಂದರ್ಶಿಸುವುದಾದರೆ ಕಾಲೇಜಿನ ಸಂಶೋಧನಾ ನೀತಿ ಮಂಡಳಿಯ ಒಪ್ಪಿಗೆ ಮೊದಲು, ಸಂದರ್ಶನ ಆಮೇಲೆ. ಒಪ್ಪಿಗೆಗೆ ವಾರಗಳೇ ಹಿಡಿಯುತ್ತವೆ, ಹಿಂದೆಯೇ ಕಲೆಹಾಕಿದ ಮಾತುಗಳನ್ನು ಬಳಸಲಾಗುವುದಿಲ್ಲ. ಖಾಸಗಿ ನೆಲಕ್ಕೆ ಮಾಲೀಕರ ಲಿಖಿತ ಅನುಮತಿ, ಪ್ರಾಣಿಗಳನ್ನು ಹಿಡಿಯುವುದಿದ್ದರೆ ರಾಜ್ಯದ ಪರವಾನಗಿ.

ಎಷ್ಟು ಪ್ಲಾಟು ಬೇಕು? ಮೊದಲು ಐದಾರು ಪ್ಲಾಟು ಹಾಕಿ ವ್ಯತ್ಯಾಸದ ಗುಣಾಂಕ, ಅಂದರೆ ಪ್ಲಾಟಿನಿಂದ ಪ್ಲಾಟಿಗೆ ಅಳತೆ ಸರಾಸರಿಯ ಶೇಕಡಾ ಎಷ್ಟು ಏರುಪೇರಾಗುತ್ತದೆ ಎಂಬುದನ್ನು, ತಿಳಿದುಕೊಳ್ಳಿ. ಅದು ಶೇ. 40 ಇದ್ದು, ಶೇ. 10ರೊಳಗಿನ ನಿಖರತೆ ಸುಮಾರು ಶೇ. 95ರ ಭರವಸೆಯೊಂದಿಗೆ ಬೇಕೆಂದರೆ (ಅದಕ್ಕೆ ಗುಣಕ 2) 2 × 40 ÷ 10 = 8, ಅದರ ವರ್ಗ 64 ಪ್ಲಾಟು. ಶೇ. 20 ಸಾಕೆಂದರೆ 16. ನಾಲ್ಕು ತಿಂಗಳ ಅವಧಿಗೆ ಇಬ್ಬರು ವಿದ್ಯಾರ್ಥಿಗಳಿಗೆ ಹದಿನಾರು ಪ್ಲಾಟು ಗೌರವದ ಗುರಿ. ಆದರೆ ಬೆಂಕಿ ಬಿದ್ದ ಒಂದೇ ತೋಪಿನಲ್ಲಿ ಎಂಟು, ಬೀಳದ ಒಂದೇ ತೋಪಿನಲ್ಲಿ ಎಂಟು ಹಾಕಿ ಬೆಂಕಿಯ ಪರಿಣಾಮ ಸಾಬೀತಾಯಿತು ಎನ್ನುವಂತಿಲ್ಲ. ಅಲ್ಲಿ ಹೋಲಿಕೆಯಾದದ್ದು ಎರಡು ತೋಪುಗಳು ಮಾತ್ರ. ಪರಿಸರ ವಿಜ್ಞಾನಿ ಹರ್ಲ್‌ಬರ್ಟ್ 1984ರಲ್ಲೇ ಈ ಹುಸಿ ಪುನರಾವರ್ತನೆಯನ್ನು ಎತ್ತಿ ತೋರಿಸಿದರು, ಇಂದಿಗೂ ಪ್ರಬಂಧಗಳು ಬೀಳುವ ಹಳ್ಳ ಅದೇ. ನಾಲ್ಕು ಬೆಂದ ತೋಪು, ನಾಲ್ಕು ಬೇಯದ ತೋಪು, ಒಂದೊಂದರಲ್ಲಿ ಎರಡು ಪ್ಲಾಟು: ಅದೇ ಹದಿನಾರು, ಆದರೆ ಹೇಳುವ ಮಾತಿಗೆ ಬಲವಿರುತ್ತದೆ.

ಪ್ಲಾಟನ್ನು ನಿಮ್ಮ ನಂತರದವರು ಮತ್ತೆ ಅಳೆಯುವಂತೆ ಬಿಟ್ಟುಬನ್ನಿ. ಕೇಂದ್ರದಲ್ಲಿ ಕಬ್ಬಿಣದ ಸರಳು ಹೂಳಿ. ಮೇಲೆ ಪ್ಲಾಸ್ಟಿಕ್ ಟೋಪಿ ಇರಲಿ. ಅದರಿಂದ ಮೂರು ದೊಡ್ಡ ಮರಗಳಿಗಿರುವ ದಿಕ್ಕು ಮತ್ತು ದೂರ ಬರೆದಿಡಿ, ದಿಕ್ಸೂಚಿಯಲ್ಲಿ ಕಾಂತೀಯ ಉತ್ತರವೋ ನಿಜ ಉತ್ತರವೋ ಎಂಬುದನ್ನೂ ಬರೆಯಿರಿ. ಮರಗಳಿಗೆ ಸಂಖ್ಯೆಯ ಬಿಲ್ಲೆ ಹೊಡೆಯಲು ಅಲ್ಯೂಮಿನಿಯಂ ಮೊಳೆಯೇ ಬೇಕು. ಉಕ್ಕಿನ ಮೊಳೆ ಮುಂದೊಂದು ದಿನ ಗರಗಸದ ಹಲ್ಲಿಗೆ ಸಿಕ್ಕಿ ಕೊಯ್ಯುವವರಿಗೆ ಅಪಾಯ. 4.5 ಅಡಿಯ ಜಾಗದಲ್ಲೇ ಹೊಡೆದರೆ ಅಲ್ಲಿ ಮರ ಉಬ್ಬಿ ಮುಂದಿನ ಅಳತೆ ಕೆಡುತ್ತದೆ, ಸಾಕಷ್ಟು ಕೆಳಗೆ ಹೊಡೆಯಿರಿ. ಮೊಳೆಯನ್ನು ಪೂರ್ತಿ ಒಳಗಿಳಿಸದೆ ಎರಡು ಇಂಚು ಹೊರಗೆ ಬಿಡಿ, ಮೊಳೆಯ ತಲೆ ಸ್ವಲ್ಪ ಕೆಳಮುಖವಾಗಿದ್ದರೆ ಬಿಲ್ಲೆ ತೊಗಟೆಯಿಂದ ದೂರ ಜೋತಾಡುತ್ತದೆ. ಮರ ದಪ್ಪವಾಗುತ್ತ ಆ ಎರಡು ಇಂಚನ್ನು ನುಂಗುವಷ್ಟರಲ್ಲಿ ಇನ್ನೊಂದು ತಂಡ ಬಂದು ಅದನ್ನು ಹೊರಗೆಳೆದು ಸರಿಪಡಿಸಿರಬೇಕು.